ಮನೆಯಲ್ಲೇ ಮೊಚಿ: ಹಿಟ್ಟು ಹುಡುಕುವುದರಿಂದ ಹೂರಣ ತುಂಬುವವರೆಗೆ

ಮೊದಲ ಸಲ ಜಪಾನಿನ ಅಕ್ಕಿ ತಿಂಡಿ ಮೊಚಿ ಮಾಡಲು ಹೊರಟಾಗ ಡಬ್ಬಿಯಲ್ಲಿದ್ದ ಅಕ್ಕಿ ಹಿಟ್ಟನ್ನೇ ತೆಗೆದುಕೊಂಡಿದ್ದೆ. ದಿನಾ ರೊಟ್ಟಿಗೆ ಬಳಸುವ ಹಿಟ್ಟು. ಸಕ್ಕರೆ, ನೀರು ಹಾಕಿ ಬೇಯಿಸಿದೆ. ಒಳಗೆ ಸಿಹಿ ತುಂಬಿ, ಉಂಡೆ ಕಟ್ಟಿ ಅಮ್ಮನ ಮುಂದಿಟ್ಟೆ. ಒಂದು ಚೂರು ಬಾಯಿಗೆ ಹಾಕಿಕೊಂಡು, "ಇದು ಕಡಬು ಅಲ್ವಾ? ಇದಕ್ಕೆ ಜಪಾನ್ ಯಾಕೆ ಬೇಕಿತ್ತು?" ಅಂದರು.

ಅವರು ಹೇಳಿದ್ದು ನಿಜ. ನಾನು ಮಾಡಿದ್ದು ಕಡಬೇ. ಅದೂ ಅಷ್ಟೇನೂ ಚೆನ್ನಾಗಿಲ್ಲದ ಕಡಬು. ತಪ್ಪು ನನ್ನ ಕೈಯದಲ್ಲ, ಹಿಟ್ಟಿನದು. ಅದಕ್ಕೇ ಈ ಬರಹದಲ್ಲಿ ಹಿಟ್ಟಿನ ಮಾತೇ ಜಾಸ್ತಿ ಇರುತ್ತದೆ. ಸರಿಯಾದ ಹಿಟ್ಟು ಸಿಕ್ಕರೆ ಉಳಿದದ್ದು ಅರ್ಧ ಗಂಟೆಯ ಕೆಲಸ. ಸಿಗದಿದ್ದರೆ ಎಷ್ಟು ಒದ್ದಾಡಿದರೂ ಕಡಬೇ ಆಗುತ್ತದೆ.

ಯಾವ ಅಕ್ಕಿ, ಯಾಕೆ

ಮೊಚಿ ಅಂದರೆ ಅಂಟು ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ ಕುಟ್ಟಿ ಮಾಡುವ ಮುದ್ದೆ. ಆ ಅಕ್ಕಿಗೆ ಜಪಾನಿನಲ್ಲಿ ಮೊಚಿಗೊಮೆ ಅನ್ನುತ್ತಾರೆ. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ ಇವೆ: ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್. ನಾವು ಉಣ್ಣುವ ಅಕ್ಕಿಯಲ್ಲಿ ಎರಡೂ ಇರುತ್ತವೆ. ಅಮೈಲೋಸ್ ಇರುವುದರಿಂದಲೇ ಅನ್ನ ಉದುರುದುರಾಗಿ ಬರುವುದು. ಅಂಟು ಅಕ್ಕಿಯಲ್ಲಿ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ. ಬೇಯಿಸಿದರೆ ಕಾಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕುಟ್ಟಿದರೆ ರಬ್ಬರಿನಂತೆ ಎಳೆಯಾಗಿ ಬರುತ್ತವೆ. ಸೋನಾ ಮಸೂರಿಯನ್ನು ಎಷ್ಟು ಕುಟ್ಟಿದರೂ ಈ ಗುಣ ಬರುವುದಿಲ್ಲ. ಅಂಗಡಿಯಲ್ಲಿ ಸುಶಿ ಅಕ್ಕಿ ಅಂತ ಸಿಗುವುದೂ ಇದಲ್ಲ. ಅದು ಸ್ವಲ್ಪ ಮೆತ್ತಗಿರುವ ಮಾಮೂಲಿ ಅಕ್ಕಿ, ಅಷ್ಟೇ.

ಈ ಹಿಟ್ಟಿನ ಪ್ಯಾಕೆಟ್ ಮೇಲೆ 'ಗ್ಲೂಟಿನಸ್' ಅಂತ ಬರೆದಿರುತ್ತದೆ. ಗೋಧಿ ಒಗ್ಗದವರು ಅದನ್ನು ನೋಡಿ ಹೆದರುವುದುಂಟು. ಅದರ ಅರ್ಥ ಅಂಟು ಅಂತ ಮಾತ್ರ. ಗೋಧಿಯಲ್ಲಿರುವ ಗ್ಲುಟೆನ್ ಇದರಲ್ಲಿಲ್ಲ. ಆದರೆ ಸೋಯಾ ಸಾಸ್ ಹಾಕುವ ಸಿಹಿಗಳೂ ಇವೆ. ಆ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ, ಅಲ್ಲಿ ಹುಷಾರು.

ಅಂಗಡಿಯಲ್ಲಿ ಏನು ಕೇಳಬೇಕು

ಜಪಾನಿನ ಹಿಟ್ಟುಗಳಲ್ಲಿ ಈ ಮೂರು ಹೆಸರು ಗೊತ್ತಿದ್ದರೆ ಸಾಕು.

ಮೊಚಿಕೊ ಅಂದರೆ ಅಂಟು ಅಕ್ಕಿಯ ನುಣ್ಣನೆಯ ಹಿಟ್ಟು. ಅಮೆರಿಕದಲ್ಲಿ ಇರುವವರಿಗೆ ಇದು ಸುಲಭ. ಕ್ಯಾಲಿಫೋರ್ನಿಯಾದ ಕೋಡಾ ಫಾರ್ಮ್ಸ್ ಹೆಸರಿನ, ನೀಲಿ ನಕ್ಷತ್ರದ ಪೊಟ್ಟಣ ಏಷ್ಯಾ ಅಂಗಡಿಗಳಲ್ಲಿ ಸಿಗುತ್ತದೆ.

ಶಿರತಮಾಕೊ ಕೂಡ ಅದೇ ಅಕ್ಕಿಯದು, ಆದರೆ ತಯಾರಿಸುವ ರೀತಿ ಬೇರೆ. ಅಕ್ಕಿ ನೆನೆಸಿ, ನೀರಿನೊಂದಿಗೆ ರುಬ್ಬಿ, ತಳದಲ್ಲಿ ಕೂತ ಗಷ್ಟನ್ನು ಒಣಗಿಸುತ್ತಾರೆ. ನೋಡಲು ಪುಡಿಯಂತಿರುವುದಿಲ್ಲ, ಒಡೆದ ಸೀಮೆಸುಣ್ಣದ ಚೂರುಗಳಂತೆ ಇರುತ್ತದೆ. ಹಾಳಾಗಿದೆ ಅಂತ ಎಸೆಯಬೇಡಿ! ನೀರು ಹಾಕಿದರೆ ಕರಗುತ್ತದೆ. ಇದರಲ್ಲಿ ಮಾಡಿದ ಮೊಚಿ ಬಲು ನಯ. ಬೆಲೆಯೂ ಜಾಸ್ತಿ.

ಜೋಶಿಂಕೊ ಅಂಟಿಲ್ಲದ ಮಾಮೂಲಿ ಅಕ್ಕಿಯ ಹಿಟ್ಟು. ಅದನ್ನು ದುಡ್ಡು ಕೊಟ್ಟು ತರಿಸಬೇಕಿಲ್ಲ. ಮನೆಯ ನುಣ್ಣನೆಯ ಅಕ್ಕಿ ಹಿಟ್ಟು ಆ ಜಾಗಕ್ಕೆ ಸಾಕು.

ಬೆಂಗಳೂರಿನಲ್ಲಿ ಜಪಾನಿ ಹಿಟ್ಟಿಗಿಂತ ಬೇಗ ಕೈಗೆ ಸಿಗುವುದು ಥಾಯ್ ಹಿಟ್ಟು. ವಿದೇಶಿ ಪದಾರ್ಥ ಮಾರುವ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಇರುತ್ತದೆ. ಆನೆಯ ಚಿತ್ರವಿರುವ ಎರಾವನ್ ಪ್ಯಾಕೆಟ್ ಆದರೆ ಬಣ್ಣ ನೋಡಿ. ಹಸಿರು ಅಕ್ಷರದ್ದು ಅಂಟು ಅಕ್ಕಿ ಹಿಟ್ಟು, ಕೆಂಪು ಅಕ್ಷರದ್ದು ಮಾಮೂಲಿ. ಎರಡೂ ಪಕ್ಕಪಕ್ಕದಲ್ಲೇ ಇಟ್ಟಿರುತ್ತಾರೆ. ಅವಸರದಲ್ಲಿ ಕೆಂಪು ತಂದವರಲ್ಲಿ ನಾನೂ ಒಬ್ಬಳು.

ಇನ್ನೊಂದು ದಾರಿ ನಮ್ಮ ದೇಶದ್ದೇ. ಅಸ್ಸಾಮಿನ ಬೋರಾ ಸಾಉಲ್ ಅಂಟು ಅಕ್ಕಿಯೇ. ಅಲ್ಲಿ ಬಿಹು ಹಬ್ಬಕ್ಕೆ ಪಿಠಾ ಮಾಡುವುದು ಇದರಲ್ಲೇ. ಮಣಿಪುರದ ಕಪ್ಪು ಅಕ್ಕಿ ಚಾಕ್‌ಹಾವೊ ಕೂಡ ಅಂಟು ಜಾತಿಯದು. ಈಶಾನ್ಯ ರಾಜ್ಯಗಳ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಬೋರಾ ಅಕ್ಕಿ ತಂದರೆ ರಾತ್ರಿ ನೆನೆಸಿ, ಬಟ್ಟೆಯ ಮೇಲೆ ಆರಿಸಿ, ಸ್ವಲ್ಪ ತೇವ ಇರುವಾಗಲೇ ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯಬಹುದು. ಅತ್ತಿರಾಸಕ್ಕೆ ಹಿಟ್ಟು ಮಾಡಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಂದ ಹಿಟ್ಟು ಸರಿಯಾದದ್ದೋ ಅಲ್ಲವೋ ಅನುಮಾನ ಬಂದರೆ ಒಂದು ಸುಲಭದ ಪರೀಕ್ಷೆ ಇದೆ. ಒಂದು ಚಿಟಿಕೆ ಹಿಟ್ಟನ್ನು ನೀರಲ್ಲಿ ಕುದಿಸಿ ಆರಿಸಿ. ಒಂದು ಹನಿ ಟಿಂಚರ್ ಅಯೋಡಿನ್ ಬಿಡಿ. ಮಾಮೂಲಿ ಅಕ್ಕಿಯಾದರೆ ಕಡುನೀಲಿಗೆ ತಿರುಗುತ್ತದೆ, ಅಂಟು ಅಕ್ಕಿಯಾದರೆ ಕೆಂಪು ಮಿಶ್ರಿತ ಕಂದು. ಪರೀಕ್ಷೆ ಮಾಡಿದ್ದನ್ನು ಚೆಲ್ಲಿಬಿಡಿ. ಅಕ್ಕಿಯ ಕಾಳೇ ಇದ್ದರೆ ಇದೂ ಬೇಡ. ಬೆಳಕಿಗೆ ಹಿಡಿದು ನೋಡಿ: ಮಾಮೂಲಿ ಕಾಳು ಗಾಜಿನಂತೆ ಕಂಡರೆ ಬಿಳಿಯ ಅಂಟು ಅಕ್ಕಿಯ ಕಾಳು ಹಾಲಿನಂತೆ ಪೂರ್ತಿ ಬಿಳಿ.

ಸಿದ್ಧ ಮೊಚಿ ಕೊಳ್ಳುವುದಾದರೆ

ಮಾಡುವ ಮೊದಲು ಒಮ್ಮೆ ಒಳ್ಳೆಯದನ್ನು ತಿಂದು ನೋಡುವುದು ಜಾಣತನ. ಯಾವ ಹದಕ್ಕೆ ಬರಬೇಕು ಅಂತ ಬಾಯಿಗೆ ಗೊತ್ತಿರಬೇಕಲ್ಲ. ನಮ್ಮ ನಗರಗಳ ಕೆಫೆಗಳಲ್ಲಿ ಮೊಚಿ ಅಂದರೆ ಹೆಚ್ಚಾಗಿ ಐಸ್‌ಕ್ರೀಮ್ ತುಂಬಿದ್ದು. ಅದು ಹಳೆಯ ತಿಂಡಿಯಲ್ಲ. ಜಪಾನಿನ ಲೊಟ್ಟೆ ಕಂಪನಿ 'ಯುಕಿಮಿ ದೈಫುಕು' ಅಂತ ಇಂಥದ್ದನ್ನು ಮಾರಲು ಶುರು ಮಾಡಿದ್ದು 1981ರಲ್ಲಿ. ಅಮೆರಿಕದಲ್ಲಿ 1990ರ ದಶಕದಲ್ಲಿ ಅದನ್ನು ಮನೆಮಾತು ಮಾಡಿದ್ದು ಲಾಸ್ ಏಂಜಲೀಸ್‌ನ ಮಿಕಾವಾಯಾ ಅಂಗಡಿಯ ಫ್ರಾನ್ಸಿಸ್ ಹಶಿಮೊಟೊ. ರುಚಿ ಚೆನ್ನಾಗಿದೆ, ಆದರೆ ತಣ್ಣಗಿರುವಾಗ ಮೊಚಿಯ ನಿಜವಾದ ಮೆತ್ತನೆ ಗೊತ್ತಾಗುವುದಿಲ್ಲ.

ಪ್ಯಾಕೆಟ್‌ನಲ್ಲಿ ಬರುವ ಮೊಚಿ ಕೊಂಡರೆ ಪದಾರ್ಥಗಳ ಪಟ್ಟಿ ಓದಿ. ಅಂಟು ಅಕ್ಕಿ, ಸಕ್ಕರೆ, ಕಾಳಿನ ಹೂರಣ, ಇಷ್ಟೇ ಇದ್ದರೆ ಸಸ್ಯಾಹಾರ. ಕೆಲವದರಲ್ಲಿ ಜೆಲಟಿನ್ ಅಥವಾ ಮೊಟ್ಟೆ ಸೇರಿರಬಹುದು.

ಕಿರಿಮೊಚಿ ಅಂತ ಸಿಕ್ಕರೆ ಬಿಡಬೇಡಿ. ಸಿಹಿ ಇಲ್ಲದ ಮೊಚಿಯನ್ನು ಚೌಕ ಕತ್ತರಿಸಿ, ಒಂದೊಂದನ್ನೂ ಬೇರೆ ಬೇರೆ ಸುತ್ತಿಟ್ಟಿರುತ್ತಾರೆ. ಕಲ್ಲಿನಂತೆ ಗಟ್ಟಿ. ತಿಂಗಳುಗಟ್ಟಲೆ ಇರುತ್ತದೆ. ಕಾದ ಹಂಚಿನ ಮೇಲೆ ಸಣ್ಣ ಉರಿಯಲ್ಲಿಟ್ಟರೆ ಹೊರಗೆ ಗರಿಗರಿಯಾಗಿ, ಒಳಗೆ ಪೂರಿಯಂತೆ ಉಬ್ಬುತ್ತದೆ. ತಕ್ಷಣ ಬಿಸಿ ನೀರಿನಲ್ಲಿ ಅದ್ದಿ ತೆಗೆದು, ಕಿನಾಕೊ ಮತ್ತು ಸಕ್ಕರೆ ಬೆರೆಸಿದ ಪುಡಿಯಲ್ಲಿ ಹೊರಳಿಸಿ. ಇದೇ ಶಿಜುಓಕಾದ ಅಬೆಕಾವಾ ಮೊಚಿ. ಕಿನಾಕೊ ಅಂದರೆ ಹುರಿದ ಸೋಯಾ ಕಾಳಿನ ಪುಡಿ. ಸೋಯಾ ಕಾಳನ್ನು ಸಣ್ಣ ಉರಿಯಲ್ಲಿ ಸಿಪ್ಪೆ ಬಿರಿಯುವವರೆಗೆ ಹುರಿದು, ಸಿಪ್ಪೆ ತೂರಿ, ಪುಡಿ ಮಾಡಿ ಜರಡಿ ಹಿಡಿದರೆ ಆಯಿತು. ಪುರುಸೊತ್ತಿಲ್ಲದಿದ್ದರೆ ಹುರಿಗಡಲೆ ಪುಡಿ ಹಾಕಿ. ಜಪಾನಿನವರು ಒಪ್ಪುತ್ತಾರೋ ಇಲ್ಲವೋ, ನಮ್ಮ ಮನೆಯಲ್ಲಿ ಯಾರೂ ತಕರಾರು ಮಾಡಿಲ್ಲ. ಮೇಲೆ ಹಾಕಲು ಅವರಲ್ಲಿ ಕುರೊಮಿತ್ಸು ಅಂತ ಕಪ್ಪು ಸಕ್ಕರೆ ಪಾಕ ಇದೆ. ಆ ಜಾಗಕ್ಕೆ ಜೋನಿ ಬೆಲ್ಲ ಹೇಳಿ ಮಾಡಿಸಿದಂತಿದೆ.

ಹೂರಣ: ಅಂಕೊ

ಅಂಕೊ ಅಂದರೆ ಅಜುಕಿ ಎಂಬ ಸಣ್ಣ ಕೆಂಪು ಕಾಳಿನ ಸಿಹಿ ಹೂರಣ. ಕಾಳು ಕಾಳಾಗಿ ಬಿಟ್ಟರೆ ತ್ಸುಬುಆನ್, ಸಿಪ್ಪೆ ತೆಗೆದು ನುಣ್ಣಗೆ ಮಾಡಿದರೆ ಕೊಶಿಆನ್. ಮನೆಗೆ ಮೊದಲನೆಯದೇ ಸಾಕು.

ಅಜುಕಿ ಸಿಗದಿದ್ದರೆ ಕೆಂಪು ಅಲಸಂದೆ ಬಳಸಿ. ಹೆಸರು, ಅಲಸಂದೆ, ಅಜುಕಿ ಎಲ್ಲ ಒಂದೇ ಕುಲದ ಗಿಡಗಳು. ಜಪಾನಿನಲ್ಲೇ ಟೋಕಿಯೊ ಕಡೆ ಶುಭಕಾರ್ಯದ ಕೆಂಪನ್ನಕ್ಕೆ ಅಜುಕಿ ಬದಲು ಅಲಸಂದೆ ಹಾಕುವ ರೂಢಿ ಇದೆ. ಬೇಯುವಾಗ ಅಜುಕಿಯ ಹೊಟ್ಟೆ ಬಿರಿಯುತ್ತದೆ. ಸಮುರಾಯ್‌ಗಳಿಗೆ ಅದು ಹೊಟ್ಟೆ ಸೀಳಿಕೊಂಡು ಸಾಯುವುದನ್ನು ನೆನಪಿಸುತ್ತಿತ್ತಂತೆ! ಹಾಗಂತ ಎರಡರ ರುಚಿ ಒಂದೇ ಅಂತ ನಾನು ಹೇಳುವುದಿಲ್ಲ. ಅಜುಕಿಗೆ ಅದರದೇ ಒಂದು ಮಣ್ಣಿನ ಘಮ ಇದೆ.

200 ಗ್ರಾಂ ಕಾಳು ತೊಳೆದು, ಮುಳುಗುವಷ್ಟು ನೀರು ಹಾಕಿ 5 ನಿಮಿಷ ಕುದಿಸಿ. ಆ ನೀರನ್ನು ಚೆಲ್ಲಿ. ಒಗರು ಹೋಗುವುದು ಇಲ್ಲೇ. ಅಜುಕಿಯನ್ನು ನೆನೆಸಬೇಕಿಲ್ಲ, ಅಲಸಂದೆಯಾದರೆ ನಾಲ್ಕು ಗಂಟೆ ನೆನೆಸಿದರೆ ಒಳ್ಳೆಯದು. ಹೊಸ ನೀರು ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಎಷ್ಟು ಕೂಗು ಅನ್ನುವುದು ಕಾಳಿನ ವಯಸ್ಸಿನ ಮೇಲೆ ಹೋಗುತ್ತದೆ. ಎರಡು ಬೆರಳಲ್ಲಿ ಒತ್ತಿದರೆ ತಡೆಯಿಲ್ಲದೆ ಹಿಸುಕಿ ಹೋಗಬೇಕು. ಅಲ್ಲಿಯವರೆಗೂ ಸಕ್ಕರೆ ಮುಟ್ಟಬೇಡಿ. ಅರೆಬೆಂದ ಕಾಳಿಗೆ ಸಕ್ಕರೆ ಬಿದ್ದರೆ ಮತ್ತೆ ಅದು ಮೆತ್ತಗಾಗುವುದಿಲ್ಲ.

ಬೆಂದ ಮೇಲೆ ಜಾಸ್ತಿ ನೀರು ಬಸಿದು, ದಪ್ಪ ತಳದ ಬಾಣಲೆಗೆ ಹಾಕಿ. 160 ಗ್ರಾಂ ಸಕ್ಕರೆ ಸೇರಿಸಿ ಮಗುಚುತ್ತಾ ಇರಿ. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಎರಡು ಸೆಕೆಂಡ್ ಹಾಗೇ ನಿಲ್ಲಬೇಕು. ಒಂದು ಚಿಟಿಕೆ ಉಪ್ಪು ಹಾಕಿ ಇಳಿಸಿ. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಆದ್ದರಿಂದ ಒಬ್ಬಟ್ಟಿನ ಹೂರಣದ ಹದಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿಸಿ. ಬೆಲ್ಲ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಬಹುದು. ಆದರೆ ಬೆಲ್ಲದ ರುಚಿಯೇ ಮುಂದೆ ಬಂದು ಒಬ್ಬಟ್ಟಿನ ನೆನಪಾಗುತ್ತದೆ. ನಾನು ಸಕ್ಕರೆಯನ್ನೇ ಹಾಕುತ್ತೇನೆ.

ಮುಂದೆ ಹೇಳುವ ಎಂಟು ಉಂಡೆಗೆ ಬೇಕಾದದ್ದಕ್ಕಿಂತ ದುಪ್ಪಟ್ಟು ಹೂರಣ ಬರುತ್ತದೆ. ಅರ್ಧ ಫ್ರೀಜರಿಗೆ ಹಾಕಿಡಿ.

ದೈಫುಕು, ಎಂಟು ಉಂಡೆಗೆ

ಹೂರಣ ತುಂಬಿದ ಮೊಚಿಗೆ ದೈಫುಕು ಅನ್ನುತ್ತಾರೆ. ಈಗ ಅದನ್ನು ಬರೆಯುವ ಅಕ್ಷರಗಳ ಅರ್ಥ 'ಮಹಾ ಭಾಗ್ಯ'. ಬೇಕಾದದ್ದು: 100 ಗ್ರಾಂ ಅಂಟು ಅಕ್ಕಿ ಹಿಟ್ಟು, 50 ಗ್ರಾಂ ಸಕ್ಕರೆ, 150 ಮಿಲಿ ನೀರು, 200 ಗ್ರಾಂ ಅಂಕೊ. ಮೇಲೆ ಉದುರಿಸಲು ಅರ್ಧ ಕಪ್ ಕಾರ್ನ್‌ಫ್ಲೋರ್. ಇದನ್ನು ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿದರೆ ಹಸಿ ವಾಸನೆ ಹೋಗುತ್ತದೆ.

1. ಮೊದಲು ಅಂಕೊವನ್ನು 25 ಗ್ರಾಂನ ಎಂಟು ಉಂಡೆ ಮಾಡಿ ಫ್ರಿಜ್‌ನಲ್ಲಿಡಿ. ಕಣಕ ಸಿದ್ಧವಾದ ಮೇಲೆ ಉಂಡೆ ಕಟ್ಟಲು ಸಮಯ ಇರುವುದಿಲ್ಲ. ಕಾರ್ನ್‌ಫ್ಲೋರನ್ನೂ ದೊಡ್ಡ ತಟ್ಟೆಯಲ್ಲಿ ಈಗಲೇ ಹರಡಿ.

2. ಹಿಟ್ಟಿಗೆ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಗಂಟಿಲ್ಲದಂತೆ ಕಲಸಿ. ಶಿರತಮಾಕೊ ಆದರೆ ಚೂರುಗಳು ಪೂರ್ತಿ ಕರಗುವವರೆಗೆ ಬೆರಳಿನಿಂದ ಹಿಸುಕಿ. ಆಮೇಲೆ ಸಕ್ಕರೆ. ನೀರ್ ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಇರುತ್ತದೆ. "ಇಷ್ಟು ನೀರಾಗಿದೆಯಲ್ಲ" ಅಂತ ಗಾಬರಿಯಾಗಿ ಹಿಟ್ಟು ಸುರಿಯಬೇಡಿ.

3. ಮೈಕ್ರೋವೇವ್ ಇದ್ದರೆ ಗಾಜಿನ ಬಟ್ಟಲಿನಲ್ಲಿ ಒಂದು ನಿಮಿಷ ಇಟ್ಟು ತೆಗೆದು, ಒದ್ದೆ ಸೌಟಿನಿಂದ ಚೆನ್ನಾಗಿ ಕಲಕಿ. ಮತ್ತೆ ಒಂದು ನಿಮಿಷ, ಮತ್ತೆ ಕಲಕಿ. ಕೊನೆಗೆ ಅರ್ಧ ನಿಮಿಷ. ಇಲ್ಲದಿದ್ದರೆ ಇಡ್ಲಿ ಪಾತ್ರೆಯೇ ಸಾಕು. ಅಗಲ ಬಟ್ಟಲಿಗೆ ಹಾಕಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ 20 ನಿಮಿಷ ಹಬೆಯಲ್ಲಿ ಬೇಯಿಸಿ, ನಡುವೆ ಒಮ್ಮೆ ಕಲಕಿ. ನನಗೆ ಹಬೆಯದ್ದೇ ಇಷ್ಟ. ಎಲ್ಲ ಕಡೆ ಒಂದೇ ಸಮ ಬೇಯುತ್ತದೆ.

4. ಬೆಂದಿದೆ ಅಂತ ಹೇಗೆ ಗೊತ್ತಾಗುತ್ತದೆ? ಬಿಳಿ ಬಣ್ಣ ಹೋಗಿ ಮಂಜು ಹಿಡಿದ ಗಾಜಿನಂತೆ ಆಗಿರುತ್ತದೆ. ಸೌಟಿನಿಂದ ಎತ್ತಿದರೆ ತುಂಡಾಗದೆ ಉದ್ದಕ್ಕೆ ಎಳೆ ಬರುತ್ತದೆ. ಎಲ್ಲಾದರೂ ಸುಣ್ಣದಂಥ ಬಿಳಿ ಮಚ್ಚೆ ಕಂಡರೆ ಅದು ಹಸಿ, ಇನ್ನೊಂದಿಷ್ಟು ಹೊತ್ತು ಬೇಯಲಿ. ಈ ಹಂತದಲ್ಲಿ ಎರಡು ಮೂರು ನಿಮಿಷ ಒದ್ದೆ ಸೌಟಿನಿಂದ ಜೋರಾಗಿ ತಿರುವಿ. ಇದೇ ನಿಮ್ಮ 'ಕುಟ್ಟುವ' ಕೆಲಸ.

5. ಕಾರ್ನ್‌ಫ್ಲೋರ್ ತಟ್ಟೆಗೆ ಸುರಿದು, ಮೇಲೂ ಉದುರಿಸಿ. ಕೈ ತಡೆಯುವಷ್ಟು ಬಿಸಿ ಇಳಿದ ಕೂಡಲೇ ಎಂಟು ಭಾಗ ಮಾಡಿ. ಕೈಗೆ ನೀರು ಅಥವಾ ಎಣ್ಣೆ ಸವರಿಕೊಳ್ಳುವುದು ನಮ್ಮ ಅಭ್ಯಾಸ, ಇಲ್ಲಿ ಅದು ಬೇಡ. ಒಣ ಪುಡಿಯೇ ಬೇಕು.

6. ಒಂದು ಭಾಗವನ್ನು ಅಂಗೈ ಅಗಲಕ್ಕೆ ಎಳೆದು ಹರಡಿ. ನಡು ದಪ್ಪ, ಅಂಚು ತೆಳ್ಳಗೆ ಇರಲಿ. ಒಳಬದಿಯ ಪುಡಿಯನ್ನು ಬ್ರಷ್ಷಿನಿಂದ ಒರೆಸಿ, ಇಲ್ಲದಿದ್ದರೆ ಅಂಚು ಕೂಡಿಕೊಳ್ಳುವುದಿಲ್ಲ. ಹೂರಣದ ಉಂಡೆ ಇಟ್ಟು, ಒಬ್ಬಟ್ಟಿಗೆ ಕಣಕ ಮುಚ್ಚುವ ಹಾಗೇ ಸುತ್ತಲಿನಿಂದ ಮೇಲಕ್ಕೆ ಎಳೆದು ಚಿವುಟಿ. ಚಿವುಟಿದ ಬದಿ ಕೆಳಗೆ ಬರುವಂತೆ ಇಡಿ. ಒಬ್ಬಟ್ಟು ಮಾಡಿದ ಕೈಗೆ ಇದು ಮೊದಲ ಸಲವೇ ಬರುತ್ತದೆ.

ಕಣಕ ಹರಿದುಹೋದರೆ ಅದು ಆರಿದೆ ಅಂತ ಅರ್ಥ. ಬಟ್ಟಲಿನಲ್ಲಿ ಒಂದು ಚಮಚ ನೀರು ಚಿಮುಕಿಸಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.

ಸ್ಟ್ರಾಬೆರಿ ಇಟ್ಟ ಇಚಿಗೊ ದೈಫುಕು ಜಪಾನಿನಲ್ಲಿ 1980ರ ದಶಕದಿಂದ ಹೆಸರಾದದ್ದು. ಮಹಾಬಳೇಶ್ವರದ ಹಣ್ಣು ಬರುವ ಚಳಿಗಾಲದಲ್ಲಿ ಮಾಡಿ. ಸಣ್ಣ ಹಣ್ಣು ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ, 20 ಗ್ರಾಂ ಅಂಕೊ ಸುತ್ತಿ, ಆಮೇಲೆ ಕಣಕ ಹೊದಿಸಿ. ಎರಡು ಮೂರು ಗಂಟೆಯೊಳಗೆ ತಿನ್ನಬೇಕು, ಹಣ್ಣು ನೀರು ಬಿಡಲು ಶುರು ಮಾಡುತ್ತದೆ.

ಅಂಟು ಹಿಟ್ಟು ಸ್ವಲ್ಪವೇ ಇದ್ದರೆ: ದಾಂಗೊ

ಇದಕ್ಕೆ 100 ಗ್ರಾಂ ಅಂಟು ಹಿಟ್ಟು, 100 ಗ್ರಾಂ ಮನೆಯ ಅಕ್ಕಿ ಹಿಟ್ಟು. ಬಿಸಿ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ನಾದಿ. ಹದ ಎಷ್ಟಿರಬೇಕು? ಜಪಾನಿನಲ್ಲಿ 'ಕಿವಿಯ ಹಾಲೆಯಷ್ಟು ಮೆತ್ತಗೆ' ಅನ್ನುತ್ತಾರೆ. ಒಂದು ಕೈಯಲ್ಲಿ ಹಿಟ್ಟು, ಇನ್ನೊಂದು ಕೈಯಲ್ಲಿ ಕಿವಿ ಹಿಡಿದು ನೋಡಿ. ಇದಕ್ಕಿಂತ ಒಳ್ಳೆಯ ಅಳತೆ ನಾನು ಕಂಡಿಲ್ಲ.

ದೊಡ್ಡ ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಕುದಿಯುವ ನೀರಿಗೆ ಬಿಡಿ. ತೇಲಿದ ಮೇಲೆ ಇನ್ನೂ ಎರಡು ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿ. ಕಡ್ಡಿಗೆ ನಾಲ್ಕೈದು ಪೋಣಿಸಿ, ಹಂಚಿನ ಮೇಲೆ ಕಂದು ಮಚ್ಚೆ ಬರುವಂತೆ ಸುಡಿ. 2 ದೊಡ್ಡ ಚಮಚ ಸೋಯಾ ಸಾಸ್, 4 ಚಮಚ ಸಕ್ಕರೆ, ಅರ್ಧ ಕಪ್ ನೀರು, 1 ಚಮಚ ಕಾರ್ನ್‌ಫ್ಲೋರ್ ಕಲಸಿ, ಹೊಳಪು ಬರುವವರೆಗೆ ಕಾಯಿಸಿ ಮೇಲೆ ಸುರಿಯಿರಿ. ಇದು ಮಿತರಾಶಿ ದಾಂಗೊ. ಕ್ಯೋಟೋದ ಶಿಮೊಗಾಮೊ ದೇಗುಲದ ಮಿತರಾಶಿ ಕೊಳದಿಂದ ಬಂದ ಹೆಸರು. ಸೋಯಾ ಸಾಸ್ ಜಪಾನಿ ಶೈಲಿಯದೇ ಇರಲಿ. ಗೋಬಿ ಮಂಚೂರಿಗೆ ಹಾಕುವ ಕಪ್ಪು ಸಾಸ್ ಹಾಕಿದರೆ ಉಪ್ಪು ಜಾಸ್ತಿಯಾಗಿ ಕೆಡುತ್ತದೆ.

ಕಾಳು ಅಕ್ಕಿಯಿಂದಲೇ ಮಾಡುವವರಿಗೆ

ಜಪಾನಿನಲ್ಲಿ ಹೊಸ ವರ್ಷಕ್ಕೆ ಮುಂಚೆ ಮನೆಮಂದಿ ಸೇರಿ ಮೊಚಿ ಕುಟ್ಟುತ್ತಾರೆ. ಒರಳಿಗೆ ಉಸು, ಕುಟ್ಟುವ ಮರದ ಸುತ್ತಿಗೆಗೆ ಕಿನೆ ಅನ್ನುತ್ತಾರೆ. ಒಬ್ಬರು ಕುಟ್ಟುತ್ತಿದ್ದರೆ ಇನ್ನೊಬ್ಬರು ಪೆಟ್ಟು ಪೆಟ್ಟಿನ ನಡುವೆ ಒದ್ದೆ ಕೈಯಿಂದ ಮುದ್ದೆ ತಿರುಗಿಸಬೇಕು. ನಾರಾ ನಗರದ ನಕತಾನಿದೊ ಅಂಗಡಿಯವರು ಇದನ್ನು ಎಷ್ಟು ವೇಗವಾಗಿ ಮಾಡುತ್ತಾರೆಂದರೆ ಜನ ಗುಂಪುಗೂಡಿ ನೋಡುತ್ತಾರೆ. ಚಂದ್ರನ ಮೇಲೆ ಕಾಣುವ ಮೊಲವೂ ಅವರ ಕಣ್ಣಿಗೆ ಮೊಚಿ ಕುಟ್ಟುತ್ತಿರುತ್ತದೆ. ನಮ್ಮ ಚಂದ್ರನಲ್ಲೂ ಮೊಲ ಇದೆ, ಆದರೆ ಅದು ಸುಮ್ನೆ ಕೂತಿದೆ!

ಮನೆಯಲ್ಲಿ ಒರಳು ಉಳಿದಿದ್ದರೆ ಪ್ರಯತ್ನಿಸಿ. ಅಕ್ಕಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ 40 ನಿಮಿಷ ಹಬೆಯಲ್ಲಿ ಬೇಯಿಸಿ. ಮೊದಲು ಒನಕೆಯಿಂದ ಒತ್ತಿ ಅಗುಳು ಮುರಿಯಿರಿ, ಆಮೇಲೆ ಕುಟ್ಟಿ. ಮಿಕ್ಸಿಗೆ ಹಾಕಬೇಡಿ, ಮೋಟಾರ್ ಸಿಕ್ಕಿಹಾಕಿಕೊಳ್ಳುತ್ತದೆ.

ಕುಟ್ಟುವ ಶಕ್ತಿ ಅರ್ಧಕ್ಕೇ ಮುಗಿದರೂ ಚಿಂತೆಯಿಲ್ಲ, ಅದನ್ನು ಒಹಾಗಿ ಮಾಡಿ. ಮುಕ್ಕಾಲು ಭಾಗ ಅಂಟು ಅಕ್ಕಿ, ಕಾಲು ಭಾಗ ಮಾಮೂಲಿ ಅಕ್ಕಿ ಸೇರಿಸಿ ಕುಕ್ಕರಿನಲ್ಲಿ ಅನ್ನ ಮಾಡಿ, ಅರ್ಧ ಅಗುಳು ಉಳಿಯುವಂತೆ ಜಜ್ಜಿ, ಉಂಡೆ ಕಟ್ಟಿ, ಹೊರಗಿನಿಂದ ಅಂಕೊ ಹೊದಿಸುವುದು. ಹೀಗೆ ಅರ್ಧ ಜಜ್ಜುವುದಕ್ಕೆ ಅವರಿಟ್ಟ ಹೆಸರು ಹಾಂಗೊರೊಶಿ, ಅಂದರೆ 'ಅರೆ ಕೊಲೆ'. ಮೊದಲ ಸಲ ಮಾಡುವವರಿಗೆ ನಾನು ದೈಫುಕುಗಿಂತ ಮೊದಲು ಇದನ್ನೇ ಹೇಳುತ್ತೇನೆ. ಕೈಗೆ ಅಂಟುವ ಕಣಕದ ರಗಳೆಯೇ ಇಲ್ಲ.

ತಿನ್ನುವಾಗ, ಇಡುವಾಗ

ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ: ಮೊಚಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಜಪಾನಿನಲ್ಲಿ ಪ್ರತಿ ಹೊಸ ವರ್ಷಕ್ಕೂ ವಯಸ್ಸಾದವರು ಇದರಿಂದ ಆಸ್ಪತ್ರೆ ಸೇರುತ್ತಾರೆ, ಸತ್ತದ್ದೂ ಇದೆ. ಟೋಕಿಯೊ ಅಗ್ನಿಶಾಮಕ ದಳ ವರ್ಷವರ್ಷವೂ ಎಚ್ಚರಿಕೆ ಕೊಡುತ್ತದೆ. ಅಜ್ಜ ಅಜ್ಜಿಯರಿಗೆ ಕತ್ತರಿಯಿಂದ ಸಣ್ಣ ಚೂರು ಮಾಡಿ, ಮೊದಲು ನೀರು ಕುಡಿಸಿ, ನಿಧಾನವಾಗಿ ಅಗಿಯಲು ಹೇಳಿ. ಪುಟ್ಟ ಮಕ್ಕಳಿಗೆ ಕೊಡಲೇಬೇಡಿ.

ಮಾಡಿದ ದಿನವೇ ತಿಂದರೆ ಚೆಂದ. ಫ್ರಿಜ್‌ನಲ್ಲಿಟ್ಟರೆ ಪಿಷ್ಟ ಬಿಗಿದುಕೊಂಡು ಮೊಚಿ ಗಟ್ಟಿಯಾಗುತ್ತದೆ. ತಂಗಳನ್ನ ಬಿರುಸಾಗುವ ಹಾಗೇ ಇದು. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ದೈಫುಕು ಸ್ವಲ್ಪ ಹೊತ್ತು ತಾಳುತ್ತದೆ, ಸಿಹಿಯಿಲ್ಲದ್ದು ಬೇಗ ಕಲ್ಲಾಗುತ್ತದೆ. ಡಯಟ್ ಅಂತ ಕಣಕದ ಸಕ್ಕರೆ ಕಡಿಮೆ ಮಾಡಿದರೆ ಇದೇ ಗತಿ. ಉಳಿದರೆ ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ನೇರ ಫ್ರೀಜರಿಗೆ ಹಾಕಿ, ತಿನ್ನುವ ಮೊದಲು ಒಂದೆರಡು ಗಂಟೆ ಹೊರಗಿಡಿ. ಹಣ್ಣಿಟ್ಟದ್ದಕ್ಕೆ ಮಾತ್ರ ಇದು ಆಗುವುದಿಲ್ಲ.

ಮರೆತು ಫ್ರಿಜ್‌ನಲ್ಲಿ ಗಟ್ಟಿಯಾಗಿಬಿಟ್ಟಿದ್ದರೆ ಎಸೆಯಬೇಡಿ. ಹಂಚಿಗೆ ಅರ್ಧ ಚಮಚ ತುಪ್ಪ ಸವರಿ, ಸಣ್ಣ ಉರಿಯಲ್ಲಿ ಎರಡೂ ಬದಿ ಸುಡಿ. ಹೊರಗೆ ಗರಿಯಾಗಿ, ಒಳಗಿನ ಅಂಕೊ ಬಿಸಿಯಾಗಿ ಕರಗುತ್ತದೆ. ಅಮ್ಮನಿಗೆ ಹೊಸದಾಗಿ ಮಾಡಿದ್ದಕ್ಕಿಂತ ಇದೇ ಇಷ್ಟ. ಈಗ ಕಡಬು ಅನ್ನುವುದನ್ನು ಬಿಟ್ಟು "ಆ ತುಪ್ಪದ್ದು ಮಾಡೇ" ಅಂತಾರೆ.